ಅಪ್ಪನಿಗೆ ನಾನು ಕೊಟ್ಟ ಹುದ್ದೆ

14 ಸೆಪ್ಟೆಂಬರ್ 2002, ಶನಿವಾರ. ಕ್ರೋಯ್ಡನ್, ಲಂಡನ್

ಬಟ್ಟೆ ಒಗೆದು ಹರವಿದ್ದಾಯಿತು. ನಾಷ್ಟಾಕ್ಕೆ ಉಪ್ಪಿಟ್ಟು. ಅಪ್ಪ ಬಾಲ್ಕನಿಯಲ್ಲಿ ನಿಂತು ಕೆಳಗೆ ಹೋಗುವ ಲಾರಿ ನೋಡುತ್ತಾನೆ, ಪಕ್ಕದಲ್ಲಿ ನನ್ನ ಮಗಳು ನವ್ಯಶ್ರೀ. ಅಪ್ಪ ಊರಿಂದ ಬಂದಾಗಿನಿಂದ ಇಬ್ಬರಿಗೂ ಇದೇ ಕೆಲಸ. ಇವಳ ಇಂಗ್ಲಿಷ್, ಅವನ ಬೈಲಹೊಂಗಲ ಕನ್ನಡ... ಏನು ತಿಳಿಯುತ್ತದೋ.

ಮಧ್ಯಾಹ್ನ ಗೆಳತಿ ಪ್ರಭಾ ಮನೆಯಲ್ಲಿ ಕನ್ನಡದವರೆಲ್ಲ ಸೇರಿ ಊಟ. ಯಾರೋ ಅಪ್ಪನ ಬಗ್ಗೆ ಕೇಳಿದರು. "ಆರ್ಮಿಯಲ್ಲಿದ್ರು. ಸುಬೇದಾರ್" ಎಂದೆ. ಬಾಯಿಂದ ಹಾಗೇ ಬಂತು. ಸುತ್ತ ಕೂತವರು ಡಾಕ್ಟರು, ಅಕೌಂಟೆಂಟು. ಅಪ್ಪ ಓಡಿಸಿದ್ದು ಸೇನೆಯ ಟ್ರಕ್, ಆಮೇಲೆ ಹುಬ್ಬಳ್ಳಿ–ಮುಂಬೈ ಲಾರಿ.

ಅಪ್ಪ ತಲೆ ಎತ್ತಲಿಲ್ಲ. ಅನ್ನ ಕಲಸುತ್ತಲೇ ಇದ್ದ. ಬರುವಾಗ ಟ್ರಾಮಿನಲ್ಲಿ ಮೆಲ್ಲಗೆ ಕೇಳಿದ: "ಡ್ರೈವರ್ ಅಂದ್ರ ಇಲ್ಲಿ ಊಟಕ್ಕ ಕರಿಯಂಗಿಲ್ಲೇನವಾ?"

ಕಿಟಕಿ ಕಡೆ ತಿರುಗಿದೆ.

2 ಅಕ್ಟೋಬರ್

ಅಪ್ಪ ಹೋದ. ನಿನ್ನೆ ರಾತ್ರಿ, ಬಾಲ್ಕನಿಯಲ್ಲೇ. ಹಾರ್ಟ್. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಅವ್ವನಿಗೆ ಫೋನ್ ಮಾಡಬೇಕು...

26 ಅಕ್ಟೋಬರ್, ಶನಿವಾರ

ಊರಿಗೆ ಒಯ್ದು ಮಣ್ಣು ಮಾಡಿ ಬಂದದ್ದಾಯಿತು. ಇವತ್ತು ಇಲ್ಲಿ ಚರ್ಚ್ ಹಾಲ್‌ನಲ್ಲಿ ಶ್ರದ್ಧಾಂಜಲಿ. ಪ್ರಭಾ ಏರ್ಪಡಿಸಿದ್ದಳು.

ನಾನು ಮಾತಾಡಿದೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು, ಎಪ್ಪತ್ತೊಂದರ ಯುದ್ಧ ಕಂಡವರು, ಸುಬೇದಾರ್ ಆಗಿ ನಿವೃತ್ತರಾದರು. ಹೆಣವಾದ ಮೇಲೂ ಅದೇ ಸುಳ್ಳು. ಮೊದಲಿನದಕ್ಕಿಂತ ಸಲೀಸಾಗಿ ಬಂತು.

ನಾನು ಕೂರುತ್ತಲೇ ನವ್ಯಾ ಎದ್ದಳು. "ನೋ. ಅಜ್ಜ ವಾಸ್ ಎ ಡ್ರೈವರ್."

ಆಮೇಲೆ ಇಂಗ್ಲಿಷಿನಲ್ಲೇ ಹೇಳುತ್ತ ಹೋದಳು. ನನಗೇ ಗೊತ್ತಿರದಿದ್ದುದು. ಪಂಜಾಬಿನ ಗಡಿ, ಬೆಳಗಿನ ದಟ್ಟ ಮಂಜು. ಸಾಲಾಗಿ ಸೇನೆಯ ಟ್ರಕ್ಕುಗಳು. ಯಾರೂ ನಿಲ್ಲಿಸಕೂಡದೆಂದು ಆರ್ಡರ್. ಅಪ್ಪನ ಟ್ರಕ್ಕು ದಾರಿಯಲ್ಲಿ ಯಾರೋ ಬಿಟ್ಟು ಓಡಿದ ಎತ್ತಿನಗಾಡಿಗೆ ಬಡಿಯಿತು. ಒಂದೆತ್ತು ಅಲ್ಲೇ ಸತ್ತಿತು. ಇನ್ನೊಂದು ಅದರ ಭಾರಕ್ಕೆ ಜಗ್ಗಿ, ನೊಗದಲ್ಲಿ ಕೊರಳು ಸಿಕ್ಕಿ ಒದ್ದಾಡುತ್ತಿತ್ತು. ಅಪ್ಪ ಇಳಿದ. ಕೊರಳ ಹಗ್ಗ ಕೊಯ್ದು ಬಿಡಿಸಿದ. ಹಿಂದಿನ ಟ್ರಕ್ಕುಗಳೆಲ್ಲ ನಿಂತುಬಿಟ್ಟವು. ಆ ತಪ್ಪಿಗೆ ತೋಳಿನ ಪಟ್ಟಿ ಕಿತ್ತುಕೊಂಡರು. ಮತ್ತೆಂದೂ ಬಡ್ತಿ ಕೊಡಲಿಲ್ಲ.

ಕೊನೆಗೆ ಅಜ್ಜನ ಮಾತು, ಅಜ್ಜನದೇ ಕನ್ನಡದಲ್ಲಿ, ತೊದಲುತ್ತ: "ಇನ್ನೊಂದರ ಜೀವಾ ಉಳೀತಲ್ಲ. ಪಟ್ಟಿ ಹೋದ್ರ ಹೋಗ್ಲಿ."

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಅವಳಿಗೆ ಹೇಳಿದ್ದಾನೆ. ನನಗೆ ಹೇಳಿಲ್ಲ. ನಾನು ಕೇಳಿದ್ದು ಯಾವಾಗ?

27 ಅಕ್ಟೋಬರ್

ಗಣಪಯ್ಯ ಬಂದಿದ್ದರು. ಕುಂದಾಪುರದವರು, ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟಿದ್ದಾರೆ. ಇಡ್ಲಿ ಡಬ್ಬಿ ತಂದಿದ್ದರು. ಬಾಗಿಲಲ್ಲೇ ಹೇಳಿದೆ— "ನಿನ್ನೆ ನಾನು ಸುಳ್ಳು ಹೇಳಿದೆ. ತಪ್ಪಾಯ್ತು."

"ಅಯ್ಯೋ, ನಮಗೆಲ್ಲ ಗೊತ್ತಿತ್ತು ಕಲ್ಯಾಣಿಯವರೇ," ಎಂದರು. "ಪ್ರಭಾ ಮನೆ ಊಟ ಆಯ್ತಲ್ಲ, ಮಾರನೇ ದಿನಾನೇ ನಿಮ್ಮಪ್ಪ ಹೋಟೆಲಿಗೆ ಬಂದ್ರು. ನಾನು ಡ್ರೈವರ್ ರೀ ಅಂದ್ರು. ಆದ್ರೆ ಮಗಳ ಎದುರಿಗೆ ಸುಬೇದಾರ್ರೇ ಅಂತಲೇ ಕರೀರಿ, ಎಲ್ಲರಿಗೂ ಹೇಳಿಡಿ, ಅವಳಿಗೆ ಅವಮಾನ ಆಗ್ಬಾರ್ದು ಅಂದ್ರು."

ಡಬ್ಬಿ ಇಸಿದುಕೊಂಡೆ. ಒಳಗೆ ಬನ್ನಿ ಅನ್ನುವುದೂ ಮರೆತೆ.

3 ನವೆಂಬರ್, ಭಾನುವಾರ

ಎಂಟು ದಿನದಿಂದ ಪ್ರಭಾಳ ಫೋನ್ ಎತ್ತಿಲ್ಲ. ಇವತ್ತು ಅವ್ವನದು ಬಂತು. ಎತ್ತಲೇಬೇಕಾಯಿತು.

"ಅಲ್ಲೆ ಮಂದಿ ಕೂಡಿಸಿದ್ರಂತಲ್ಲ. ನಿಮ್ಮಪ್ಪನ ಬಗ್ಗೆ ಏನ್ ಹೇಳಿದಿ?"

"ನವ್ಯಾ ಭಾಳ ಚೊಲೋ ಹೇಳಿದಳವ್ವಾ."

"ಅಕಿ ಹೇಳ್ಲಿ ಬಿಡು. ನೀ ಏನ್ ಹೇಳಿದಿ?"

ನಾನು—