ಶಾಲು ಸುತ್ತಿ ಹೊಡೆದವನು

ಕೃಷ್ಣಮೋಹನ ಸರ್‌ಗೆ,

ಕಡಬದ ಸಭಾಭವನದ ಹಿಂದಿನ ಮೆಟ್ಟಿಲಲ್ಲಿ ನಿಮ್ಮ ತಲೆ ಒಡೆದವನು ಮೈಕಿನ ಬೋಜಪ್ಪಣ್ಣ ಅಲ್ಲ, ನಾನು. ಐದು ತಿಂಗಳು ಮುಚ್ಚಿಟ್ಟೆ. ನಿಮಗೆ ಹೊದೆಸಿದ ಶಾಲನ್ನೇ ಹಿಂದಿನಿಂದ ಮುಖಕ್ಕೆ ಸುತ್ತಿ, ಸಂಘಟಕರು ನಿಮಗೆ ಕೊಟ್ಟು ನಾನು ಹೊತ್ತಿದ್ದ ಹಿತ್ತಾಳೆಯ ಸ್ಮರಣಿಕೆಯಿಂದ ಹೊಡೆದೆ. ಮೊದಲ ಏಟಿಗೇ ನೀವು ಕುಸಿದಿರಿ. ತಲೆಗೆ ಅಡ್ಡ ಹಿಡಿದ ಕೈಗೆ ಎರಡನೆಯದು ಬಿತ್ತು. ಮಣಿಕಟ್ಟಿನ ಎಲುಬು ಮುರಿದದ್ದು ನನಗೆ ಕೇಳಿಸಿತು. ಮೊದಲನೆಯದು ಸಿಟ್ಟಿನಿಂದ. ಎರಡನೆಯದರಲ್ಲಿ ಸಿಟ್ಟು ಇರಲಿಲ್ಲ, ಖುಷಿ ಇತ್ತು.

ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಒಂದು ಕೆಲಸದಲ್ಲೂ ನಿಲ್ಲದೆ ತಿರುಗುತ್ತಿದ್ದ ನನ್ನನ್ನು ನಿಮ್ಮ ಸ್ಫೂರ್ತಿ ಭಾಷಣಗಳ ವಿಡಿಯೊ ಹಿಡಿಯಲು ಕರೆದುಕೊಂಡಿರಿ. ಪುತ್ತೂರು, ಸುಳ್ಯ, ಕಡಬ, ಎಲ್ಲಿ ಕರೆದರೂ ಹೋದೆವು. "ನಿಮ್ಮಂಥವರ ಹತ್ರ ದುಡ್ಡಿನ ವಿಷಯ ಮಾತಾಡುದು ಹೇಗೆ ಸರ್?" ಎಂದು ಶಾಲು ಹೊದೆಸಿ, ಊಟ ಹಾಕಿ ಕಳಿಸುತ್ತಿದ್ದರು. ಕಾರಿನ ಪೆಟ್ರೋಲಿಗೆ ನಿಮ್ಮ ಹೆಂಡತಿ ಸತ್ಯವತಿ ಅಕ್ಕನ ಸಂಬಳವೇ ಗತಿ. ಆದರೂ ನೀವು, "ಫೋಟೊ ಹಾಕು ಮಾರಾಯ, ನೋಡಿದವರಲ್ಲಿ ಒಬ್ಬನಾದರೂ ದುಡ್ಡು ಕೊಟ್ಟು ಕರೀತಾನೆ" ಎನ್ನುತ್ತಿದ್ದಿರಿ. ನಾನು ಹಾಕುತ್ತಿದ್ದೆ. ನೋಡಿದವರೂ ಪುಕ್ಕಟೆಯೇ ಕರೆಯುತ್ತಿದ್ದರು.

ಆಮೇಲೆ ಈಶ್ವರಮಂಗಲದ ವೇದಿಕೆಯಲ್ಲಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, "ಈ ಹುಡುಗ ನೇಣು ಹಾಕಿಕೊಳ್ಳಲು ಹೊರಟಿದ್ದ. ನನ್ನ ಒಂದು ಭಾಷಣ ಇವನನ್ನು ಉಳಿಸಿತು" ಎಂದಿರಿ. ನಾನು ಯಾವತ್ತೂ ಸಾಯಲು ಹೊರಟವನಲ್ಲ. ಜನ ಅತ್ತರು. ಆ ವಿಡಿಯೊವನ್ನು ಎಂಟು ಲಕ್ಷ ಜನ ನೋಡಿದರು. ಕೊಲ್ಲಮೊಗ್ರಿನಲ್ಲಿ ನನ್ನ ಅಮ್ಮನೂ ನೋಡಿದಳು. ಮನೆಗೆ ಹೋದಾಗ ಬಾವಿಯಲ್ಲಿ ಹಗ್ಗವಿರಲಿಲ್ಲ, ದನದ ಕೊರಳಲ್ಲೂ ಇರಲಿಲ್ಲ. ಬಚ್ಚಲಿನ ಚಿಲಕ ಕಿತ್ತಿದ್ದಳು. ಸುಳ್ಳು ಎಂದು ಆಣೆ ಹಾಕಿದರೆ, "ಅಷ್ಟು ದೊಡ್ಡವರು ಸುಳ್ಳು ಹೇಳ್ತಾರಾ ಮಗ?" ಎಂದು ಅತ್ತಳು.

ಆ ದಿನ ಕಡಬಕ್ಕೆ ಹೋಗುವಾಗ ಕಾರಿನಲ್ಲಿ, ಅದನ್ನು ತೆಗೆಯಿರಿ ಎಂದು ಬೇಡಿದೆ. ನಕ್ಕಿರಿ. ಕಾರ್ಯಕ್ರಮ ಮುಗಿದು ನಾನಿನ್ನೂ ಒಳಗಿದ್ದೇನೆಂದು ಎಣಿಸಿ, ಮೆಟ್ಟಿಲಿಳಿಯುತ್ತಾ ಫೋನಿನಲ್ಲಿ ಯಾರಿಗೋ ಹೇಳಿದಿರಿ: "ಮುಂದಿನ ಸಲ ಹುಡುಗನ ಅಮ್ಮನನ್ನೇ ಸ್ಟೇಜಿಗೆ ತರ್ತೇನೆ. ಅವರಿಗೆ ಎಂತದೂ ಕೊಡ್ಲಿಕ್ಕಿಲ್ಲ." ಹೊಡೆದದ್ದು ಆಗ.

ಕೂಗು ಕೇಳಿ ಶಾಲು ಬಿಡಿಸಲು ಮೊದಲು ಓಡಿ ಬಂದವರು ಬೋಜಪ್ಪಣ್ಣ. ನಾನು ಒಳಗೆ ನುಗ್ಗಿ, ಜನರ ಜೊತೆ ಹೊರಬಂದೆ. ನೀವು ಕಣ್ಣು ಬಿಟ್ಟಾಗ ಕಂಡದ್ದು ಅವರ ಮುಖ, ಅವರ ಕೈಯ ರಕ್ತ. ಅರ್ಧ ಗಂಟೆ ಮೊದಲು ಅವರು ಎಲ್ಲರೆದುರು, "ನೀವು ಪುಕ್ಕಟೆ ಮಾತಾಡಿ ಸರ್, ನನ್ನ ಜನರೇಟರ್ ಪುಕ್ಕಟೆ ಓಡುದಿಲ್ಲ" ಎಂದು ಸಭೆಯನ್ನು ನಗಿಸಿದ್ದರು. "ಇವನೇ" ಎಂದಿರಿ. ಸಂಘಟಕರ ಕಡೆಯ ಹುಡುಗರು ಮೈಕ್ ಸ್ಟ್ಯಾಂಡಿನಿಂದ ಬಡಿದರು, ಬಿದ್ದ ಮೇಲೆ ತುಳಿದರು. ಎಡಗಣ್ಣಿನಿಂದ ರಕ್ತ ಸುರಿಯುವಾಗಲೂ ಅವರು "ನಾನಲ್ಲ ಮಾರಾಯ್ರೆ" ಎನ್ನುತ್ತಿದ್ದರು. ನಾನು ನೋಡುತ್ತಾ ನಿಂತೆ.

ಮರುದಿನ ಆಸ್ಪತ್ರೆಯ ಮಂಚದಿಂದ ಲೈವ್ ಬಂದು, "ಬೋಜಪ್ಪನನ್ನು ಕ್ಷಮಿಸಿದ್ದೇನೆ" ಎಂದಿರಿ. ಫೋನು ಹಿಡಿದದ್ದು ನಾನು. ಆ ಕ್ಷಮೆ ನೋಡಿದ ಮೇಲೆ ನಿಮ್ಮನ್ನು ದುಡ್ಡು ಕೊಟ್ಟು ಕರೆಯತೊಡಗಿದರು. ಬೋಜಪ್ಪಣ್ಣನ ಮೇಲಿನ ಕೇಸು ಹಾಗೆಯೇ ಉಳಿಯಿತು, ಅವರ ಮೈಕನ್ನು ಯಾರೂ ಕರೆಯಲಿಲ್ಲ.

ನಿನ್ನೆ ಮಂಡೆಕೋಲಿನ ಅವರ ಮನೆಗೆ ಹೋದೆ. ಎಡಗಣ್ಣು ಪೂರ್ತಿ ಹೋಗಿದೆ. "ಮುಂದಿನ ವಾರ ಕೋರ್ಟು ಉಂಟು. ಆ ಕ್ಷಮೆಯ ವಿಡಿಯೊ ನೋಡಿ ನೋಡಿ ನನಗೇ ಸಂಶಯ ಮಾರಾಯ, ಹೊಡೆದದ್ದು ನಾನೇ ಏನೋ ಅಂತ" ಎಂದರು. ಅಂಗಳದಲ್ಲಿ ನಿಂತೇ ನಿಜ ಹೇಳಿದೆ. ಎದ್ದು ಬಂದು ಬಾರಿಸಿದರು. ಒಂದೇ ಕಣ್ಣಿನ ಅಂದಾಜು ತಪ್ಪಿ ಏಟು ಕಿವಿಗೆ ಬಿತ್ತು. ಇನ್ನೊಂದಕ್ಕೆ ಕೆನ್ನೆ ಮುಂದೆ ಮಾಡಿದೆ. ಹೊಡೆಯಲಿಲ್ಲ. "ನನಗೆ ಹೇಳಿ ಎಂತ ಮಾಡುದು? ಠಾಣೆಯಲ್ಲಿ ಹೇಳು" ಎಂದರು.

ನಿಮ್ಮಿಂದ ಕ್ಷಮೆ ಬೇಡ ಸರ್, ಅದನ್ನೂ ಲೈವ್ ಮಾಡುತ್ತೀರಿ. ನನ್ನ ವಿಡಿಯೊ ತೆಗೆದುಬಿಡಿ, ಅಷ್ಟು ಸಾಕು. ನಿಮ್ಮ ಕೈಯ ನೋವು ಬೇಗ ಹೋಗಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೆ ಠಾಣೆಗೆ ಹೊರಡುತ್ತೇನೆ.

ನಿಮ್ಮ ಜೊತೆ ತಿರುಗಿದ,
ಹರ್ಷಿತ್