ಅಮ್ಮಣ್ಣಿಯವರ ಹಿಂದಿನ ಮನೆ

ಆಗಸ್ಟ್ 4, ಸೋಮವಾರ

ಮತ್ತೆ ಬಸ್ಸು ಲೇಟು. ಸೋಸಲೆಯಿಂದ ನರಸೀಪುರ, ಅಲ್ಲಿಂದ ನಂಜನಗೂಡು — ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಕ್ಲಾಸು ಮುಗಿದಿತ್ತು. ನರಸೀಪುರದಲ್ಲಿ ಹತ್ತುವ ಕವನಳದ್ದೂ ಇದೇ ಪಾಡು. ಇಬ್ಬರೂ ಬಿ.ಎಸ್ಸಿ., ಒಂದೇ ಬೆಂಚು. ಅಟೆಂಡೆನ್ಸ್ ಸಾಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲವಂತೆ.

ಕಾಲೇಜಿನ ಪಕ್ಕದಲ್ಲೇ ದೊರೆ ಹಾಸ್ಟೆಲ್. ಹಿಂದೆ ಪುಟ್ಟ ಸಂಸ್ಥಾನವೊಂದರ ದೊರೆ, ಲಿಂಗಾಯತ ಹುಡುಗರು ಓದಲಿ ಅಂತ ತಮ್ಮ ಬಂಗಲೆಯನ್ನೇ ಬಿಟ್ಟುಕೊಟ್ಟದ್ದು. ಊಟ, ವಸತಿ ಎಲ್ಲ ಉಚಿತ. ಅಪ್ಪ ಪಿಯುಸಿ ಓದಿದ್ದು ಅಲ್ಲಿದ್ದುಕೊಂಡೇ. ಹುಡುಗಿಯರಿಗೆ ಮಾತ್ರ ಜಾಗವಿಲ್ಲ...

ಆಗಸ್ಟ್ 19

ದೊರೆಗಳ ಜಯಂತಿಯಲ್ಲಿ ಹಳೆಯ ವಿದ್ಯಾರ್ಥಿಯಾಗಿ ಮಾತಾಡಲು ಅಪ್ಪನಿಗೆ ಕರೆ ಬಂದಿದೆ. ಹಾಲು ಕರೆಯುತ್ತಲೇ ಭಾಷಣದ ಪ್ರಾಕ್ಟೀಸು. ಹಸು ಒದೆಯಿತು. ಅದಕ್ಕೂ ಬೇಜಾರಾಗಿರಬೇಕು ಅಂದಳು ಅಮ್ಮ.

ಆಗಸ್ಟ್ 24, ಭಾನುವಾರ, ಸಂಜೆ

ಜಯಂತಿ ಮುಗಿಸಿ ಈಗಷ್ಟೇ ಮನೆಗೆ ಬಂದೆವು.

ದೊರೆಗಳ ಮೊಮ್ಮಗಳು ಗೌರಮ್ಮಣ್ಣಿಯವರು ಮೈಸೂರಿನಿಂದ ಬಂದಿದ್ದರು. ಎಂಬತ್ತು ದಾಟಿರಬೇಕು. ಮೈಕಿನ ಮುಂದೆ ನಿಂತ ಅಪ್ಪನಿಗೆ ಭಾಷಣವೆಲ್ಲ ಮರೆತೇಹೋಯಿತು.

"ಈ ಮನೆ ಅನ್ನ ತಿಂದು ಓದ್ದೋನು ನಾನು, ಅಮ್ಮಾವ್ರೇ. ನನ್ ಮಗಳು ಲಿಖಿತಾ ಅಲ್ಲಿ ಕೂತವ್ಳೆ. ನನಗಿಂತ ಚೆನ್ನಾಗಿ ಓದ್ತಾಳೆ. ಅವ್ಳಿಗೂ ಒಂದ್ ಮೂಲೆ ಕೊಡಿ."

ಟ್ರಸ್ಟಿನ ಸೆಕ್ರೆಟರಿ ರವಿಚಂದ್ರ ಮೈಕು ಇಸಿದುಕೊಂಡು, ಬೇರೆ ಕಟ್ಟಡವಿಲ್ಲ, ಮುಂದೆ ನೋಡೋಣ ಎಂದರು. ಹಿತ್ತಲ ಕಡೆಯ ಮನೆ ಯಾಕೆ ಮುಚ್ಚಿದೆ ಅಂತ ಅಮ್ಮಣ್ಣಿಯವರು ಕೇಳಿದರು. ಅದು ಅಮ್ಮಣ್ಣಿಯವರ ಸ್ವಂತದ್ದು, ಅವರು ಬಂದಾಗ ಇಳಿದುಕೊಳ್ಳಲು ಎಂದರು ಸೆಕ್ರೆಟರಿ. ವರ್ಷಕ್ಕೊಮ್ಮೆ ಕಾಫಿ ಕುಡಿದು ಹೋಗುವ ತನಗೆ ಅಷ್ಟು ದೊಡ್ಡ ಮನೆಯೇ ಅಂತ ಅಮ್ಮಣ್ಣಿಯವರು ನಕ್ಕು, ನನ್ನನ್ನು ಹತ್ತಿರ ಕರೆದು, ನೀನು ಅಲ್ಲೇ ಇರು ಎಂದರು.

ಥ್ಯಾಂಕ್ಸ್ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಕವನಳ ಹೆಸರು. ನಮ್ಮ ಜಾತಿಯವಳಲ್ಲ, ಆದರೂ ಅವಳನ್ನು ಬಸ್ಸಿನಲ್ಲೇ ಬಿಟ್ಟು ಬರಲಾರೆ ಅಂದುಬಿಟ್ಟೆ. ದೊರೆಗಳು ಕೊಟ್ಟದ್ದು ಲಿಂಗಾಯತರ ಮಕ್ಕಳಿಗೆ, ನಿಯಮ ಮೀರುವಂತಿಲ್ಲ ಎಂದರು ಸೆಕ್ರೆಟರಿ.

"ಹಾಸ್ಟೆಲ್ ನಮ್ಮ ತಾತ ಕೊಟ್ಟಿದ್ದು, ಅದರ ನಿಯಮ ನೀವು ನೋಡ್ಕೊಳ್ಳಿ," ಎಂದರು ಅಮ್ಮಣ್ಣಿಯವರು. "ಹಿಂದಿನ ಮನೆ ನನ್ನದು. ಅಲ್ಲಿ ಯಾರಿರಬೇಕು ಅಂತ ನಾನು ಹೇಳ್ತೀನಿ. ಇಬ್ಬರೂ ಬನ್ನಿ, ಮಗು."

ವಾಪಸ್ ಬರುವಾಗ ಅಪ್ಪ ಬಸ್ಸಿನ ಕಿಟಕಿಯಾಚೆಯೇ ನೋಡುತ್ತಿದ್ದ. ಸಿಟ್ಟೇನೋ ಎಂದು ಹೆದರಿದೆ. ನರಸೀಪುರದಲ್ಲಿ ಇಳಿದು ಬೋಂಡಾ ಕೊಡಿಸಿ, "ಕವನಂಗೂ ಒಂದ್ ಪೊಟ್ಣ ಕಟ್ಟುಸ್ಕೊ, ಕೊಟ್ಬುಟ್ ಓಗವ" ಅಂದ.

ಸೆಪ್ಟೆಂಬರ್ 7

ಹೊಸ ಮನೆ ಸೇರಿದೆವು. ಕವನಳ ಅಮ್ಮ ಮರಿತಾಯಮ್ಮ ಟ್ರಂಕು ಇಳಿಸಿ ಗೇಟಿನಾಚೆಯೇ ನಿಂತಿದ್ದರು. ಒಳಗೆ ಬರಲು ಏನೋ ಹಿಂಜರಿಕೆ. ನಮ್ಮಮ್ಮ ಹೋಗಿ ಟ್ರಂಕಿನ ಒಂದು ಹಿಡಿ ಹಿಡಿದಳು. ಅವರು ಇನ್ನೊಂದನ್ನು ಹಿಡಿಯಲೇಬೇಕಾಯಿತು. ಇಬ್ಬರೂ ಒಟ್ಟಿಗೇ ಹೊಸ್ತಿಲು ದಾಟಿದರು.

ಸೆಪ್ಟೆಂಬರ್ 14, ಭಾನುವಾರ

ಇವತ್ತು ಅಡುಗೆ ನಮ್ಮದೇ. ಕವನಳ ಮಸ್ಸೊಪ್ಪಿನ ಸಾರು ಘಮಘಮ. ನಾನು ತೊಳಸಿದ ಮುದ್ದೆ ತುಂಬ ಗಂಟು. ಅವಳಿಗೆ ನಗು ತಡೆಯಲಾಗುತ್ತಿಲ್ಲ.

ಹೊರಗೆ ಕಾರು ನಿಂತ ಸದ್ದು... ಅಮ್ಮಣ್ಣಿಯವರು! ಕೋಲೂರಿಕೊಂಡು ಬಾಗಿಲಲ್ಲೇ ನಿಂತು, ಒಳಗೆ ಬರಬಹುದಾ ಅಂತ ಕೇಳುತ್ತಿದ್ದಾರೆ. ತಮ್ಮದೇ ಮನೆಗೆ. ಇರುವುದು ಎರಡೇ ತಟ್ಟೆ. ಹಾಸ್ಟೆಲಿಂದ ಇನ್ನೊಂದು ತರಬೇಕು. ಮಿಕ್ಕದ್ದು ಆಮೇಲೆ.