ಮಂಗಮ್ಮ ಕಿತ್ತ ಸೊಪ್ಪಿನಲ್ಲಿ ತಪ್ಪಿರಲಿಲ್ಲ

ಮಾನ್ಯ ಪೌಷ್ಟಿಕ ಆಹಾರ ಅಭಿಯಾನದ ಮೇಲಧಿಕಾರಿಗಳೇ,

ತಾವು ನಮ್ಮೂರಿಗೆ ಬಂದು ಸೊಪ್ಪು ತಿನ್ನಿ ಎಂದು ಭಾಷಣ ಮಾಡಿದಿರಿ. ತಾವು ಬರುವ ಮುನ್ನಾದಿನ, ಊರು ಚೊಕ್ಕಟವಾಗಿ ಕಾಣಲೆಂದು ತಮ್ಮ ಕಚೇರಿಯವರೇ ನಮ್ಮ ಕೆರೆಕಟ್ಟೆಯ ಸೊಪ್ಪಿನ ಮೇಲೆ ಕಳೆನಾಶಕ ಹೊಡೆಸಿದ್ದರು. ಅದನ್ನು ತಿಂದು ನಾವು ಆಸ್ಪತ್ರೆ ಸೇರಿದೆವು. ಆಮೇಲೆ ತಾವು ಪತ್ರಿಕೆಯವರ ಮುಂದೆ, ಸೊಪ್ಪು ಕಿತ್ತ ಹೆಂಗಸಿಗೆ ಗಿಡಗಳ ಅರಿವಿಲ್ಲ ಎಂದುಬಿಟ್ಟಿರಿ. ಹೊಟ್ಟೆಗೆ ಬಿದ್ದ ವಿಷವನ್ನಾದರೂ ಮರೆಯಬಹುದು, ಈ ಮಾತನ್ನು ನಾನು ಬಿಡುವವಳಲ್ಲ.

ಆ ಹೆಂಗಸಿನ ಹೆಸರು ಮಂಗಮ್ಮ, ನನ್ನ ಪಕ್ಕದ ಮನೆಯಾಕೆ. ನಾನು ಪಾವಗಡದ ಕಡೆಯವಳು. ಗಂಡನ ಕಾರ್ಖಾನೆ ಕೆಲಸಕ್ಕೆಂದು ಬಂದು ಮೊದಲು ಚಿನ್ನದ ಗಣಿ ಕಡೆಯ ಮೈಸೂರು ಮೈನ್ಸ್‌ನಲ್ಲಿ ಬಾಡಿಗೆಗಿದ್ದೆವು, ಆಮೇಲೆ ಕಾಮಸಮುದ್ರದ ಕಡೆಯ ಈ ಊರಿನಲ್ಲಿ ಮನೆ ಮಾಡಿದೆವು. ಬಂದ ಹೊಸದರಲ್ಲಿ ಬಂಗಾರಪೇಟೆಯಿಂದ ಪಾಲಕ್ ಕಟ್ಟು ಹಿಡಿದು ಬಸ್ಸಿಳಿದಾಗ ಮಂಗಮ್ಮಕ್ಕ ಸೊಂಟಕ್ಕೆ ಕೈಕೊಟ್ಟು ನಕ್ಕಿದ್ದಳು. "ಮಳೆ ಉಯ್ದೈತೆ, ಕೆರೆ ಕಟ್ಟೆ ತುಂಬಾ ಸೊಪ್ಪೈತೆ, ಕಾಸು ಕೊಟ್ಟು ತತ್ತಾರೇನಮ್ಮ? ಬಾ ನನ್ನ ಜತೆ."

ತಮಗೆ ಬೆರಕೆ ಸೊಪ್ಪು ಗೊತ್ತೇ? ತಮ್ಮ ಬಣ್ಣದ ಪುಸ್ತಿಕೆಯಲ್ಲಿ ಕಾಣಲಿಲ್ಲ, ಅದಕ್ಕೇ ಕೇಳಿದೆ. ಮಳೆ ಬಿದ್ದ ಮೇಲೆ ತಾನಾಗಿ ಬರುವ ಅಣ್ಣೆ, ಗೋಣಿ, ಹೊನಗೊನ್ನೆ, ಇನ್ನೂ ಏನೇನೋ ಎಲೆಗಳನ್ನು ಬೆರಸಿ, ತೊಗರಿಬೇಳೆ, ಹಸಿಮೆಣಸಿನಕಾಯಿಯ ಜತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಬಿಸಿ ಮುದ್ದೆಗೆ ಬೇರೇನೂ ಬೇಡ. ಕುಡಿಯನ್ನಷ್ಟೇ ಚಿವುಟಬೇಕು, ಬುಡ ಕೀಳಬಾರದು. ಮಾರಬಾರದು. ಒಬ್ಬರ ಮನೆಯಲ್ಲಿ ಬೆರಕೆ ಬೆಂದರೆ ಅಕ್ಕಪಕ್ಕದ ಮನೆಗಳಿಗೆಲ್ಲ ಒಂದೊಂದು ಬಟ್ಟಲು ಹೋಗಲೇಬೇಕು. ಕೆರೆ ಯಾರೊಬ್ಬರದೂ ಅಲ್ಲ, ಅದರ ಸೊಪ್ಪಿನ ಸಾರೂ ಯಾರೊಬ್ಬರದಲ್ಲ ಎನ್ನುವುದು ಇಲ್ಲಿಯ ಲೆಕ್ಕ.

ಈಗ ತಮ್ಮ ಕಾರ್ಯಕ್ರಮಕ್ಕೆ ಬರೋಣ. "ಋತುವಿಗೊಪ್ಪುವ ಊಟ, ಮನೆಯಲ್ಲೇ ಮಾಡಿದ ಊಟ" ಎಂದು ಬ್ಯಾನರ್. ವೇದಿಕೆಯ ಮೇಲೆ ಮಾರ್ಕೆಟ್ಟಿನಿಂದ ತರಿಸಿದ ಹೂಕೋಸಿನ ಗೋಪುರ, ಅದರ ಪಕ್ಕ ನಿಂತು ತಾವು ಫೋಟೋ ತೆಗೆಸಿಕೊಂಡಿರಿ. ನಿಮ್ಮ ಅಜ್ಜಿಯರು ತಿನ್ನುತ್ತಿದ್ದುದನ್ನೇ ತಿನ್ನಿ, ಸುತ್ತಮುತ್ತ ಬೆಳೆಯುವುದನ್ನು ಕಡೆಗಣಿಸಬೇಡಿ ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು. ಮಂಗಮ್ಮಕ್ಕ ಎಲ್ಲರಿಗಿಂತ ಜೋರಾಗಿ ತಟ್ಟಿದಳು. "ನೋಡ್ದೇನೇ, ಸಾಹೇಬ್ರು ನಮ್ ಬೆರಕೆ ಇಸ್ಯನೇ ಏಳ್ತಾವ್ರೆ" ಎಂದು ನನ್ನ ಪಕ್ಕೆಗೆ ತಿವಿದಳು. ಮರುದಿನ ಬೆಳಗ್ಗೆಯೇ ಕಟ್ಟೆಗೆ ಹೋಗಿ ಮಡಿಲು ತುಂಬ ಚಿವುಟಿ ತಂದಳು. ಕಳೆನಾಶಕ ಬಿದ್ದ ಎಲೆ ಅಷ್ಟು ಬೇಗ ಬಾಡುವುದಿಲ್ಲ, ಸ್ವಾಮಿ. ಕಟ್ಟೆಯ ಮೇಲೊಂದು ಬೋರ್ಡು ನೆಡಲು, ಊರಿನಲ್ಲಿ ಒಂದು ಮಾತು ಹೇಳಲು ತಮ್ಮವರಿಗೆ ಏನಾಗಿತ್ತು? ಹೂಕೋಸು ಜೋಡಿಸಲು ಪುರುಸೊತ್ತು ಇತ್ತಲ್ಲ?

ಎಂದಿನಂತೆ ಬಟ್ಟಲುಗಳು ಮನೆಮನೆಗೆ ಹೋದವು. ಸಂಜೆಯ ಹೊತ್ತಿಗೆ ನನಗೆ ವಾಂತಿ, ಎದುರು ಮನೆಯವರಿಗೂ ವಾಂತಿ. ಮಂಗಮ್ಮಕ್ಕನ ಮೊಮ್ಮಗಳು ಚಂದನ, ಇನ್ನೂ ಒಂದನೇ ಕ್ಲಾಸಿನ ಮಗು, ಕಣ್ಣು ಮೇಲೆ ಮಾಡಿಬಿಟ್ಟಳು. ಆಸ್ಪತ್ರೆಯಲ್ಲಿ ಆ ಪುಟ್ಟ ಕೈಗೆ ನರ ಸಿಗದೆ ಮತ್ತೆ ಮತ್ತೆ ಸೂಜಿ ಚುಚ್ಚುವುದನ್ನು ಪಕ್ಕದ ಹಾಸಿಗೆಯಿಂದ ನೋಡಿದೆ. ಎಲ್ಲರೂ ಉಳಿದೆವು, ದೇವರು ದೊಡ್ಡವನು. ನಾವು ಮನೆಗೆ ಮರಳುವಷ್ಟರಲ್ಲಿ ತಮ್ಮ ಹೇಳಿಕೆ ಅಚ್ಚಾಗಿತ್ತು: ಸೊಪ್ಪು ಕಿತ್ತ ಮಹಿಳೆಯ ಅರಿವಿನ ಕೊರತೆಯಿಂದ ವಿಷಕಾರಿ ಗಿಡವನ್ನು ಸೊಪ್ಪೆಂದು ಸೇವಿಸಿದ್ದಾರೆ, ಗ್ರಾಮಸ್ಥರಲ್ಲಿ ಜಾಗೃತಿ ಮೂಡಿಸಲಾಗುವುದು.

ಒಂದು ವಿಷಕಾರಿ ಗಿಡವಂತೆ! ಹಾಗಿದ್ದರೆ ವಾರದೊಳಗೆ ಕಟ್ಟೆಯುದ್ದಕ್ಕೂ ಗರಿಕೆಯೂ ಸೇರಿ ಎಲ್ಲವೂ ಕೆಂಪಗೆ ಸುಟ್ಟುಹೋದದ್ದು ಏಕೆ? ಔಷಧಿ ಹೊಡೆದ ಕೂಲಿಯಾಳು ಮುನಿರಾಜು ಬಚ್ಚಿಡಲಿಲ್ಲ. ಟೀ ಅಂಗಡಿ ಮುಂದೆ ಎಲ್ಲರೆದುರು ತಲೆ ತಗ್ಗಿಸಿ ಹೇಳಿದ. "ಸಾಹೇಬ್ರು ಬತ್ತಾರೆ, ಕಟ್ಟೆ ಕಿಲೀನಾಗಿರ್ಬೇಕು ಅಂದ್ರು ಆಪೀಸ್ನೋರು. ಒಡ್ದೆ ಕಣಕ್ಕ. ಸೊಪ್ಪು ಕೀಳ್ತಾರೆ, ಬ್ಯಾಡ ಸಾರ್ ಅಂದೆ. ನಿಂಗ್ಯಾಕಲಾ ಅಂದ್ರು." ಆತನಿಗೆ ನೆನಪಾದದ್ದು ತಮ್ಮವರಿಗೆ ಬೇಡವಾಯಿತು.

ಆದರೆ ಕೂಲಿಯವನ ಮಾತಿಗೆ ಯಾವ ತೂಕ? ಮಂಗಮ್ಮಕ್ಕನ ಸೊಸೆ ರೂಪ ಈಗ ಅತ್ತೆಯನ್ನು ಒಲೆಯ ಹತ್ತಿರ ಬಿಡುವುದಿಲ್ಲ. ನಾನು ಹೋಗಿ ಮುನಿರಾಜು ಹೇಳಿದ್ದನ್ನು ಹೇಳಿದೆ. "ಪೇಪರ್ನಾಗೆ ಅಷ್ಟು ದೊಡ್ ಸಾಹೇಬ್ರೇ ಅಂಗಂದವ್ರಲ್ಲಕ್ಕ, ಅವ್ರು ಸುಳ್ಳೇಳ್ತಾರಾ? ನಂಗೆ ಮಗು ಮುಖ್ಯ" ಎಂದಳು. ರೂಪಳ ಮೇಲೆ ನನಗೆ ಸಿಟ್ಟಿಲ್ಲ. ಮಗಳನ್ನು ಕಳೆದುಕೊಳ್ಳುವ ಅಂಚಿಗೆ ಹೋಗಿ ಬಂದವಳು. ಚಂದನ ಅಜ್ಜಿಯ ಕೈತುತ್ತಿಗೆ ಬಾಯಿ ತೆರೆದರೂ ಅಮ್ಮನ ಮುಖ ನೋಡಿ ಮುಚ್ಚಿಕೊಳ್ಳುತ್ತಾಳೆ. ಮಂಗಮ್ಮಕ್ಕ ನನ್ನ ಹಿತ್ತಿಲಿಗೆ ಬಂದು ಕೂತು, ಒಂದು ಎಲೆ ಚಿವುಟಿ ಬೆಳಕಿಗೆ ಹಿಡಿದು ಕೇಳುತ್ತಾಳೆ: "ಇದು ಅಣ್ಣೆಸೊಪ್ಪೇ ಅಲ್ವೇನೇ? ನಾನೇ ಏನಾರ ತಪ್ಪು ಕಿತ್ನಾ?" ಹುಟ್ಟಿದಾಗಿನಿಂದ ಆ ಸೊಪ್ಪು ತಿಂದು ಬೆಳೆದವಳು ನನ್ನನ್ನು, ಪಾವಗಡದವಳನ್ನು, ಕೇಳುತ್ತಾಳೆ.

ಪರಿಹಾರ ಬೇಡ, ಜಾಗೃತಿ ಶಿಬಿರವಂತೂ ಖಂಡಿತ ಬೇಡ. ಕೆರೆಕಟ್ಟೆಗೆ ಇನ್ನೆಂದೂ ಔಷಧಿ ಹೊಡೆಸಬೇಡಿ. ತಪ್ಪು ತಮ್ಮ ಕಚೇರಿಯದೆಂದು ಅದೇ ಪತ್ರಿಕೆಯಲ್ಲಿ ಹೇಳಿ. ಅಷ್ಟೇ ಸಾಲದು. ರೂಪ ನಂಬುವುದು ತಮ್ಮ ಬಾಯನ್ನು ಮಾತ್ರ. ಆದ್ದರಿಂದ ಮಳೆ ಬಂದು ಕಟ್ಟೆ ಮತ್ತೆ ಹಸಿರಾದಾಗ, ಬ್ಯಾನರು, ಫೋಟೋದವರು ಯಾರೂ ಇಲ್ಲದೆ ಮಂಗಮ್ಮಕ್ಕನ ಮನೆಗೆ ಬನ್ನಿ. ನೆಲದ ಮೇಲೆ ಕೂತು ಆಕೆ ಕಿತ್ತು ಬೇಯಿಸಿದ ಬೆರಕೆ ಸೊಪ್ಪಿನಲ್ಲಿ ಮುದ್ದೆ ಅದ್ದಿ, ರೂಪಳ ಎದುರಿಗೆ ಮೊದಲ ತುತ್ತು ತಾವು ನುಂಗಿ. ಎರಡನೆಯದಕ್ಕೆ ಚಂದನ ಬಾಯಿ ತೆರೆಯುತ್ತಾಳೆ.

ಇಂತಿ,
ತಮ್ಮ ಭಾಷಣಕ್ಕೆ ಮನಸಾರೆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬಳು,
ಆದಿಲಕ್ಷ್ಮಿ